ಕುರ್ಚಿ ಲೆಕ್ಕ

ಕುರ್ಚಿ ನನ್ನವು. ನೂರ ಹತ್ತು.
ನೀಲಿ ಎಂಬತ್ತು, ಕಾಲು ಸೊಟ್ಟಗಾದ ಕೆಂಪು ಮೂವತ್ತು.
ಮದುವೆ, ತಿಥಿ, ಉರೂಸು, ಹಾಕಿ ಪಂದ್ಯ
ಎಲ್ಲ ಕಂಡು ಬಂದ ಜೀವಗಳು.
ಸಿನಿಮಾಕ್ಕೆ ಅಂತ ಹೋದದ್ದು ಅದೇ ಮೊದಲು.

ವಿರಾಜಪೇಟೆಯ ಸೊಸೈಟಿ ಗೋದಾಮು,
ಕಾಫಿ ಮೂಟೆ ಸರಿಸಿ ಮಾಡಿದ ಜಾಗ,
ಗೋಡೆಗೆ ಬಿಗಿದ ಬಿಳಿ ಪಂಚೆ.
ನಮ್ಮ ಡ್ರಾಯಿಂಗ್ ಮಾಸ್ಟರ ಮಗಳು ದೇಚಮ್ಮ
ಯಾವುದೋ ಪರದೇಶದಲ್ಲಿ
ಈ ಸಿನಿಮಾಕ್ಕೆ ಕಂಚಿನ ಆಮೆ ಗೆದ್ದಿದ್ದಾಳಂತೆ.
ಆಮೆಯೇ ಯಾಕೆ ಅಂತ
ಶುರುವಾದ ಮೇಲೆ ಎಲ್ಲರಿಗೂ ಗೊತ್ತಾಯಿತು.

ಒಬ್ಬಳು ಹೆಂಗಸು. ಒಂದು ಮೊರ. ಕಾಫಿ ಬೀಜ.
ಒಳ್ಳೆಯದು ಇತ್ತ, ಕರಿಯದು ಅತ್ತ.
ಕ್ಯಾಮೆರಾ ಅಲುಗುವುದಿಲ್ಲ.
ಒಂದು ನೊಣ ಬಂದು ಅವಳ ಮೊಣಕೈ ಮೇಲೆ ಕೂತಾಗ
ಗೋದಾಮಿನ ತುಂಬ ಒಂದು ಉಸಿರು ಓಡಾಡಿತು:
ಅಬ್ಬ, ಏನೋ ಆಯ್ತು!
ನೊಣ ಹಾರಿಹೋಯಿತು.

ಹತ್ತನೇ ನಿಮಿಷಕ್ಕೆ ಮೊದಲ ಕುರ್ಚಿ ಕಿರುಗುಟ್ಟಿತು.
ನನ್ನ ಕುರ್ಚಿಗಳ ಸ್ವರ ನನಗೆ ಗೊತ್ತು,
ಅದು ಎದ್ದವನ ಸದ್ದು, ಹೊರಳಿದವನದ್ದಲ್ಲ.

ಆಮೇಲೆ ಪೀಚೆಕತ್ತಿ ಬಂತು,
ಗೊಬ್ಬರದ ಚೀಲದ ದಾರ ಕೊಯ್ಯಲಿಕ್ಕೆ.
ಸುಬೇದಾರ್ ಪಳಂಗಪ್ಪ ಎದ್ದು ನಿಂತರು.
ಟೋಪಿ ಹಾಕಿಕೊಂಡರು.
"ನಮ್ಮಜ್ಜ ಅದನ್ನ ಸೊಂಟಕ್ಕೆ ಕಟ್ಟಿದ್ದು ಇದಕ್ಕಾ?"
ಅವರ ಹಿಂದೆಯೇ ಹನ್ನೆರಡು ಕುರ್ಚಿ ಖಾಲಿ.
ಆ ಮೇಲೆ ಎಣಿಸುವುದು ಬಿಟ್ಟೆ.

ದೀಪ ಹತ್ತಿದಾಗ ಉಳಿದದ್ದು ನಲವತ್ತೊಂದು ತಲೆ.
ಕಾಲೇಜಿನ ಪ್ರಮೀಳಾ ಮೇಡಂ ಕಣ್ಣೊರೆಸಿಕೊಂಡು
ಕಾಲದ ಬಗ್ಗೆ ಏನೋ ಹೇಳಿದರು, ನನ್ನ ಕೈಗೆ ಹತ್ತಲಿಲ್ಲ.
ಬೇಕರಿ ವರ್ಗೀಸ್, "ನಿದ್ದೆ ಮಾತ್ರ ಫಸ್ಟ್‌ಕ್ಲಾಸ್" ಎಂದ.
ಒಂದೇ ಜೀಪಿನಲ್ಲಿ ಬಂದ ಭಾವ ಭಾಮೈದ,
ಒಬ್ಬ ಹೊಳೆ ಅಂದ, ಇನ್ನೊಬ್ಬ ಕೆಸರು ಅಂದ,
ಕೆಸರು ಅಂದವನು ಬಸ್ಸಿಗೆ ಹೋದ.

"ಇಷ್ಟುದ್ದ ಎಂತಕ್ಕೆ?" ಯಾರೋ ಕೇಳಿದರು.
ಮೈಕಿನ ತಂತಿ ಬೆರಳಿಗೆ ಸುತ್ತಿಕೊಳ್ಳುತ್ತ ದೇಚಮ್ಮ
"ಆ ಮೊರ ಮುಗಿಯಲಿಕ್ಕೆ ಅಷ್ಟು ಹೊತ್ತು ಬೇಕಿತ್ತು" ಎಂದಳು.

ಕೊನೆಯ ಸಾಲು. ಕೆಂಪು ಕುರ್ಚಿ.
ತೋಟದ ಲೈನಿನಿಂದ ಬಂದಿದ್ದ ಯರವರ ಬೊಳ್ಚಿ
ಕೈ ಎತ್ತಲಿಲ್ಲ, ಮೈಕಿಗೂ ಕಾಯಲಿಲ್ಲ:
"ಸುಳ್ಳು. ಅಷ್ಟು ಬೇಗ ಮುಗಿಯೋದಿಲ್ಲ ಒಂದು ಮೊರ.
ನಡುವೆ ಎಲ್ಲೋ ಕತ್ತರಿಸಿದ್ದೀರಿ."

ನಲವತ್ತು ತಲೆ ಹಿಂದಕ್ಕೆ ತಿರುಗಿದವು.
"ಹೌದು," ಅಂದಳು ದೇಚಮ್ಮ, "ಎರಡು ಕಡೆ."
ಆಗ ಅವಳ ಮುಖ ಆಮೆ ಗೆದ್ದವಳದ್ದಲ್ಲ,
ಅಪ್ಪನ ಬಣ್ಣದ ಡಬ್ಬಿಗೆ ಕೈ ಹಾಕಿ ಸಿಕ್ಕಿಬಿದ್ದ ಹುಡುಗಿಯದ್ದು.
ಪರದೇಶದಲ್ಲಿ ಅದನ್ನು ಯಾರೂ ಹಿಡಿದಿರಲಿಲ್ಲವಂತೆ.

ಕುರ್ಚಿ ಪೇರಿಸುವಾಗ ಸೆಕ್ರೆಟರಿ ಬಂದ.
"ಪೋಕರ್ ಕಾಕ, ಅರ್ಧಕ್ಕರ್ಧ ಜನ ಎದ್ದು ಹೋದರಲ್ಲ,
ಬಾಡಿಗೆಯೂ ಅರ್ಧ ಮಾಡಿ."
ಬಾಡಿಗೆ ಕುರ್ಚಿಗೆ ಮಾರಾಯ,
ಕೂತವರಿಗಲ್ಲ, ಅಂದೆ.

ಅವನಿಗೆ ಹೇಳದ ಒಂದು ಮಾತಿದೆ.
ಸಿನಿಮಾ ನಡುವೆ ಬೀಡಿಗೆಂದು ಹೊರಗೆ ಹೋಗಿದ್ದೆ.
ಹಿತ್ತಲ ಕಡೆ, ಗಾಜು ಒಡೆದ ಕಿಟಕಿಯ ಬಳಿ,
ಹಲ್ಲು ಕಟಕಟಿಸುವ ಮಂಜಿನಲ್ಲಿ,
ಟೋಪಿ ಕಂಕುಳಲ್ಲಿಟ್ಟು ನಿಂತಿದ್ದರು ಸುಬೇದಾರರು.
ಕಣ್ಣು ಪರದೆಯ ಮೇಲೆ.
ಅವರ ಹೆಬ್ಬೆರಳು, ತೋರುಬೆರಳು
ಬರಿಗಾಳಿಯಲ್ಲಿ
ಬೀಜ ಆರಿಸುತ್ತಿದ್ದವು, ಇತ್ತ ಒಂದು, ಅತ್ತ ಒಂದು.
ಬೀಡಿ ಹಚ್ಚದೆ ಒಳಗೆ ಬಂದೆ.

ಮಾರನೇ ದಿನ ಮೀನು ಮಾರ್ಕೆಟ್ಟಿನಲ್ಲಿ
"ಅದೂ ಒಂದು ಸಿನಿಮಾವಾ, ಥೂ," ಎಂದರು ಎಲ್ಲರೆದುರು.
ಹೂಂ ಅಂದೆ, ಮತ್ತಿಯ ಕಣ್ಣು ನೋಡುತ್ತ.

ಸೆಕ್ರೆಟರಿಗೆ ಬರೆದುಕೊಟ್ಟ ಬಿಲ್ಲಿನಲ್ಲಿ
ನೂರ ಒಂಬತ್ತು ಕುರ್ಚಿ.
ಒಂದು ಯಾಕೆ ಕಮ್ಮಿ ಅಂತ ಅವನು ಕೇಳಲಿಲ್ಲ.
ನಿಂತು ನೋಡಿದವರಿಗೆ
ನಾನು ಕುರ್ಚಿ ಕೊಟ್ಟಿರಲಿಲ್ಲವಲ್ಲ.